ಹೈಫಾದಿಂದ ಮರಳಿ ಬಂದವರು

ಬೆಂಗಳೂರಿನ ಆರ್.ಟಿ. ನಗರಕ್ಕೆ ಹತ್ತಿರದಲ್ಲೇ, ಜೆ.ಸಿ. ನಗರದ ಮುನಿರೆಡ್ಡಿ ಪಾಳ್ಯದ ಬಳಿ ಒಂದು ಸ್ಮಾರಕ ಸ್ತಂಭವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ, ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ ಸವಾರರ ನೆನಪಿನದು. 1918ರ ಸೆಪ್ಟೆಂಬರ್ 23ರಂದು ಮೈಸೂರಿನ ಸವಾರರೂ ಜೋಧಪುರದ ಸವಾರರೂ ಈಟಿ ಹಿಡಿದು, ಕುದುರೆಯೇರಿ ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದರು. ಎದುರಿಗಿದ್ದದ್ದು ಮೆಷಿನ್ ಗನ್ನು, ಫಿರಂಗಿ. ಜೋಧಪುರದವರು ಊರೊಳಗೆ ನುಗ್ಗಬೇಕಾದರೆ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಬೇಕಿತ್ತು. ಆ ಕಡಿದಾದ ದಾರಿ ಹತ್ತಿದ್ದು ಮೈಸೂರಿನ ತುಕಡಿ. ಸಂಜೆಯ ಹೊತ್ತಿಗೆ ಸೆರೆಸಿಕ್ಕವರು 1,300ಕ್ಕೂ ಹೆಚ್ಚು.

ಮಡಿದವರಿಗೆ ಕಲ್ಲು ಸಿಕ್ಕಿತು. ಕರ್ನಲ್ ದೇಶರಾಜ ಅರಸರಂಥ ಅಧಿಕಾರಿಗಳ ಹೆಸರು ಇತಿಹಾಸದಲ್ಲಿ ಉಳಿಯಿತು. ಆದರೆ ಬದುಕಿ ಬಂದ ಸಾಮಾನ್ಯ ಸವಾರ? ವರ್ಷಗಟ್ಟಲೆ ಮರಳುಗಾಡಿನಲ್ಲಿದ್ದು ಮನೆಗೆ ಬಂದವನು ಮಕ್ಕಳಿಗೆ ಏನು ಹೇಳಿದ, ಸತ್ತ ಕುದುರೆಗಾಗಿ ಅತ್ತನೇ, ಆಮೇಲೆ ಹೊಟ್ಟೆಪಾಡಿಗೆ ಏನು ಮಾಡಿದ? ಅದನ್ನು ಬರೆದಿಡುವ ಗೋಜಿಗೆ ನಾವು ಹೋಗಲಿಲ್ಲ. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಸೇರಿಸಿ 61ನೇ ಕ್ಯಾವಲ್ರಿ ಕಟ್ಟಿದಾಗ ಲ್ಯಾನ್ಸರ್ಸ್‌ ಹೆಸರೂ ಅದರಲ್ಲಿ ಕರಗಿತು.

ಅದೇ ತಪ್ಪು ಈಗಲೂ ನಡೆದಿದೆ ಎಂಬುದೇ ನನ್ನ ಸಂಕಟ. ಯಲಹಂಕ, ಹೆಬ್ಬಾಳ, ಯಶವಂತಪುರದ ಎಷ್ಟೋ ಬೀದಿಗಳಲ್ಲಿ ಒಬ್ಬ ‘ಮಿಲಿಟ್ರಿ ತಾತ’ ಇರುತ್ತಾರೆ. 1971ರ ಯುದ್ಧದಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಎಪ್ಪತ್ತು ದಾಟಿದ್ದಾರೆ. 1965ರ ಯುದ್ಧದವರು ಇನ್ನೂ ಹಿರಿಯರು. ಅವರು ತೀರಿಕೊಂಡರೆ ಸಮವಸ್ತ್ರದ ಫೋಟೊ ಹಾಕಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುತ್ತೇವೆ. ಕಾರ್ಯ ಮುಗಿಯುತ್ತಿದ್ದಂತೆ ಅಟ್ಟದ ಮೇಲಿನ ಕರಿ ಟ್ರಂಕು ಗುಜರಿಗೆ ಹೋಗುತ್ತದೆ. ಅಂಥದೊಂದು ಟ್ರಂಕನ್ನು ತೆರೆದು ನೋಡಿದ್ದೇನೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಸೈನಿಕನ ನಂಬರು, ಒಳಗೆ ರಟ್ಟು ಕಿತ್ತ ಡಿಸ್ಚಾರ್ಜ್ ಬುಕ್ಕು, ಅವನು ತಾಯಿಗೆ ಬರೆದ ಕಾಗದಗಳ, ದಾರ ಕಟ್ಟಿದ ಕಟ್ಟು. ಯಾವ ಕಾಗದದಲ್ಲೂ ಊರಿನ ಹೆಸರಿಲ್ಲ, ಯೂನಿಟ್ಟಿನ ಹೆಸರಿನ ಕೆಳಗೆ 56 ಎ.ಪಿ.ಒ. ಎಂಬ ಸೇನಾ ಅಂಚೆಯ ವಿಳಾಸವಷ್ಟೇ ಇದೆ. ಮಗ ಹಿಮದಲ್ಲಿದ್ದಾನೋ ಮರಳಿನಲ್ಲಿದ್ದಾನೋ ತಿಳಿಯದೆ ಆ ತಾಯಿ ದಿನ ದೂಡಿರಬೇಕು. ಯುದ್ಧದ ಚರಿತ್ರೆಯೆಂದರೆ ನನಗೆ ಇದೂ ಹೌದು.

ಮಕ್ಕಳು, ಮೊಮ್ಮಕ್ಕಳು ದಯವಿಟ್ಟು ಈ ಭಾನುವಾರವೇ ಫೋನಿನ ರೆಕಾರ್ಡಿಂಗ್ ಒತ್ತಿ ತಾತನ ಪಕ್ಕ ಕೂರಿ. ಶೌರ್ಯದ ಕಥೆಯನ್ನೇ ಕೇಳಬೇಕೆಂದಿಲ್ಲ. ಮೊದಲ ಸಂಬಳ ಎಷ್ಟು, ರಜೆಗೆ ಬರಲು ಎಷ್ಟು ದಿನದ ರೈಲು, ಜೊತೆಗಿದ್ದವರಲ್ಲಿ ಯಾರು ಮರಳಲಿಲ್ಲ ಎಂದು ಕೇಳಿ. ಟ್ರಂಕಿನ ಕಾಗದಗಳನ್ನು ಅವರೆದುರೇ ಬಿಚ್ಚಿ, ಫೋಟೊಗಳ ಹಿಂದೆ ಹೆಸರು ಬರೆಸಿಕೊಳ್ಳಿ.