ಮುಧೋಳದೊಳಗಿನ ಓಮ್, ಬೀಳಗಿಯೊಳಗಿನ ಬೇಲ್

ಮುಧೋಳ ಅಂತ ಇಂಗ್ಲಿಷಿನಲ್ಲಿ ಬರೆದರೆ ಆರು ಅಕ್ಷರ: ಎಂ, ಯು, ಡಿ, ಎಚ್, ಓ, ಎಲ್. ಇಷ್ಟೇ ಅಕ್ಷರ ಹಿಡಿದು, ಯಾವುದನ್ನೂ ಎರಡು ಸಲ ಬಳಸದೆ ಎಷ್ಟು ಪದ ಮಾಡಬಹುದು ಹೇಳಿ ನೋಡೋಣ. ಮಡ್, ಅಂದರೆ ಕೆಸರು, ಮೊದಲಿಗೇ ಕಾಣ್ತದೆ. ಆಮೇಲೆ ಓಲ್ಡ್, ಹೋಲ್ಡ್, ಲೌಡ್. ಎಂಜಿನಿಯರಿಂಗ್ ಓದಿದವರಿಗೆ ಓಮ್ ಸಿಗ್ತದೆ, ವಿದ್ಯುತ್ ರೋಧದ ಅಳತೆ. ಅದನ್ನೇ ಹಿಂದುಮುಂದಾಗಿ ಬರೆದರೆ ಮೋ, ವಿದ್ಯುತ್ ವಾಹಕತೆಯ ಹಳೆಯ ಅಳತೆ. ಎಚ್ ಒಂದನ್ನು ಬಿಟ್ಟು ಉಳಿದ ಐದನ್ನೂ ಬಳಸಿದರೆ ಮೌಲ್ಡ್, ಅಂದರೆ ಅಚ್ಚು. ಕಬ್ಬಿನ ಊರಿನ ಹೆಸರಿನೊಳಗೆ ಬೆಲ್ಲದ ಅಚ್ಚು!

ಈ ಆಟ ನಾನು ಸುಮ್ಮನೆ ಶುರು ಮಾಡಿದ್ದಲ್ಲ. ಬನಹಟ್ಟಿಯಲ್ಲಿರುವ ನಮ್ಮಕ್ಕನ ಮಗಳು ಏಳನೇ ಕ್ಲಾಸು, ಕನ್ನಡ ಮಾಧ್ಯಮ. ಗಣಿತ, ವಿಜ್ಞಾನದಲ್ಲಿ ಚುರುಕು. ಇಂಗ್ಲಿಷ್ ಪುಸ್ತಕ ತೆಗೆದರೆ ಮಾತ್ರ "ಮಾಮಾ, ಅದನ್ನ ಬಿಟ್ಟು ಬ್ಯಾರೆ ಏನರ ಕೇಳು" ಅಂತಾಳೆ. ಈ ಅಂಜಿಕೆ ನನಗೆ ಹೊಸದಲ್ಲ. ಹತ್ತನೇ ತನಕ ಕನ್ನಡದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವರ ಮೊದಲ ಸೆಮಿಸ್ಟರ್ ಹೇಗಿರ್ತದೆ ಅಂತ ನೋಡಿದ್ದೇನೆ. ಉತ್ತರ ಗೊತ್ತಿದ್ದರೂ ಹಿಂದಿನ ಬೆಂಚಿನಲ್ಲಿ ಬಾಯಿ ಬಿಗಿದು ಕೂತ ನಾಲ್ಕೈದು ಹುಡುಗರು ಪ್ರತಿ ಕ್ಲಾಸಿನಲ್ಲೂ ಇರ್ತಾರೆ. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಆ ಭಾಷೆಯ ಜೊತೆ ಸಲಿಗೆ ಇರಲಿಲ್ಲ, ಅಷ್ಟೇ.

ಸಲಿಗೆ ಬೆಳೆಯಬೇಕಾದರೆ ಸಣ್ಣ ಪದಗಳಿಂದಲೇ ಸುಲಭ. ಜಮಖಂಡಿ ತಗೊಳ್ಳಿ. ಒಂಬತ್ತು ಅಕ್ಷರ, ಎ ಎರಡು ಸಲ. ಎನ್ ಮತ್ತು ಡಿ ಜೋಡಿಯನ್ನು ಬಾಲಕ್ಕೆ ಇಟ್ಟುಬಿಡಿ. ಆ್ಯಂಡ್, ಹ್ಯಾಂಡ್, ಮೈಂಡ್, ಕೈಂಡ್ ತಾವಾಗಿಯೇ ಬಂದು ಕೂರ್ತವೆ. ಇನ್ನು ಜಾಮ್, ಇಂಕ್, ಮೇಡ್ ಕೂಡ ಇವೆ. ಇಂಗ್ಲಿಷ್ ನಿಘಂಟು ಸೇರಿದ ನಮ್ಮ ಖಾದಿಯೂ ಅದರೊಳಗೇ ಇದೆ. ಬೀಳಗಿಯಲ್ಲಿ ಬಿಗ್, ಬ್ಯಾಗ್, ಲ್ಯಾಬ್ ಅಲ್ಲದೆ ಪೂರಾ ಕೋರ್ಟು ಕಚೇರಿಯೇ ಇದೆ. ಬೇಲ್ ಅಂದರೆ ಜಾಮೀನು. ಅಲಿಬೈ ಅಂದರೆ ಘಟನೆ ನಡೆದಾಗ ನಾನು ಬೇರೆ ಕಡೆ ಇದ್ದೆ ಅನ್ನುವ ವಾದ.

ಇಂಥ ಆಟಗಳಲ್ಲಿ ಹೆಸರಾದದ್ದು ಸ್ಕ್ರ್ಯಾಬಲ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರ್ತದೆ ಅಂತ ಎಣಿಸಿ ಅದನ್ನು ರೂಪಿಸಿದರು. ಇಂಗ್ಲಿಷ್ ಆಟದಲ್ಲಿ ಒಟ್ಟು 100 ಬಿಲ್ಲೆ. ಇ ಅಕ್ಷರದ್ದು 12 ಬಿಲ್ಲೆ, ಒಂದಕ್ಕೆ 1 ಅಂಕ. ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಜೇ ಬಂದರೆ ಆಡುವವರು ತಲೆ ಕೆರೆದುಕೊಳ್ತಾರೆ. ಜೇಯಿಂದ ಮುಗಿಯುವ ಪದ ಅಚ್ಚ ಇಂಗ್ಲಿಷಿನಲ್ಲಿ ಸಿಗೋದೇ ಕಷ್ಟ. ಅಲ್ಲಿ ಕೈ ಹಿಡಿಯುವುದು ರಾಜ್, ತಾಜ್, ಸ್ವರಾಜ್! ಬೆಲ್ಲಕ್ಕೆ ಇಂಗ್ಲಿಷರು ಹೇಳುವ ಜ್ಯಾಗರಿಗೆ ಸರಿಯಾಗಿ ಏಳು ಅಕ್ಷರ. ಕೈಯಲ್ಲಿರುವ ಏಳೂ ಬಿಲ್ಲೆ ಒಂದೇ ಸಲ ಖಾಲಿ ಮಾಡಿದರೆ 50 ಅಂಕ ಹೆಚ್ಚುವರಿ. ಮಹಾಲಿಂಗಪುರದ ಬೆಲ್ಲದ ಪೇಟೆಯವರಿಗೆ ಈ ಮಾತು ತಿಳಿದಿರಲಿ.

ಕನ್ನಡದಲ್ಲಿ ಇದೇ ಆಟ ಇದೇ ರೀತಿ ನಡೆಯೋದಿಲ್ಲ. ಇಂಗ್ಲಿಷಿನ ಅಕ್ಷರಗಳು ಬಿಡಿ ಮಣಿಗಳು, ಹೇಗೆ ಬೇಕಾದರೂ ಪೋಣಿಸಬಹುದು. ನಮ್ಮಲ್ಲಿ ಸ್ವರ, ಒತ್ತು ಎಲ್ಲ ಕೂಡಿಯೇ ಒಂದು ಅಕ್ಷರ. ಪದಬಂಧದಲ್ಲಿ 'ಸ್ತ್ರೀ' ಒಂದೇ ಮನೆಯಲ್ಲಿ ಕೂರ್ತಾಳೆ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಮಾತ್ರ ಆಕೆ ಆರು ಸಂಕೇತ: ಮೂರು ವ್ಯಂಜನ, ಎರಡು ವಿರಾಮ ಚಿಹ್ನೆ, ಒಂದು ದೀರ್ಘದ ಗುರುತು.

ಕಂಪ್ಯೂಟರಿಗೆ ಪದ ಹುಡುಕಲು ಹೇಳಿಕೊಡುವ ಉಪಾಯ ಬಹಳ ಸರಳ. ಪ್ರತಿ ಪದದ ಅಕ್ಷರಗಳನ್ನು ಎ ಬಿ ಸಿ ಡಿ ಕ್ರಮದಲ್ಲಿ ಜೋಡಿಸಿಡಬೇಕು. ಈಟ್, ಏಟ್, ಟೀ ಮೂರನ್ನೂ ಹಾಗೆ ಜೋಡಿಸಿದರೆ ಎ, ಇ, ಟಿ ಅಂತಲೇ ಬರ್ತದೆ. ಒಂದೇ ಬೀಗದ ಕೈ ಇದ್ದ ಪದಗಳೆಲ್ಲ ಒಂದೇ ಬಳಗ. ಹೀಗೆ ಬನಹಟ್ಟಿಯನ್ನು, ಎನ್ ಆದಮೇಲೆ ಎ ಬಿಟ್ಟು ಬರೆಯುವ ರೂಢಿಯ ಪ್ರಕಾರ, ಜೋಡಿಸಿ ನೋಡಿದೆ. ಬ್ಯಾಟ್, ಹ್ಯಾಟ್, ಬಾತ್, ದ್ಯಾಟ್, ಹ್ಯಾಬಿಟ್ ಹೇಗೂ ಇದ್ದವು. ಎಂಟಕ್ಕೆ ಎಂಟೂ ಅಕ್ಷರ ಬಳಸಿದ ಇನ್ನೊಂದು ಪದ ಬಂತು: ಹ್ಯಾಬಿಟಂಟ್. ವಾಸವಾಗಿರುವವನು, ನಿವಾಸಿ ಅಂತ ಅದರ ಅರ್ಥ. ಹಟ್ಟಿ ಅಂದರೂ ವಾಸದ ಜಾಗವೇ ಅಲ್ಲವೇ! ಸಂಬಂಧ ಏನೂ ಇಲ್ಲ, ಬರೀ ಕಾಕತಾಳೀಯ. ಆದರೆ ಆ ಹುಡುಗಿ ಅದನ್ನು ಮಗ್ಗದ ಸದ್ದಿನ ನಡುವೆ ತನ್ನಪ್ಪನಿಗೆ ಕೂಗಿ ಹೇಳಿದಳು. ಅವಳು ಒಂದು ಇಂಗ್ಲಿಷ್ ಪದವನ್ನು ದೊಡ್ಡ ದನಿಯಲ್ಲಿ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಒಂದು ಎಚ್ಚರಿಕೆ ಇರಲಿ. ಪದ ಗೊತ್ತಾದರೆ ಭಾಷೆ ಬಂದಂತೆ ಅಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು. ಅವರಿಗೆ ಫ್ರೆಂಚ್ ಮಾತಾಡಲು ಬರ್ತಿರಲಿಲ್ಲ, ಪದಪಟ್ಟಿ ಮಾತ್ರ ಬಾಯಿಪಾಠ ಆಗಿತ್ತು. ನಮ್ಮ ಮಕ್ಕಳಿಗೆ ಬೇಕಾದದ್ದು ಅದಲ್ಲ. ಹಾಗಾಗಿ ನಮ್ಮ ಮನೆ ಆಟಕ್ಕೆ ಒಂದು ನಿಯಮ ಸೇರಿಸಿದ್ದೇವೆ. ಪದ ಹೇಳಿದರೆ ಒಂದು ಅಂಕ, ಅದರ ಕನ್ನಡ ಅರ್ಥ ಹೇಳಿದರೆ ಎರಡು, ಅದನ್ನು ಹಾಕಿ ಒಂದು ಇಂಗ್ಲಿಷ್ ವಾಕ್ಯ ಮಾಡಿದರೆ ಐದು. ವಾಕ್ಯದಲ್ಲಿ ವ್ಯಾಕರಣ ತಪ್ಪಿದರೂ ಅಂಕ ಕಡಿಯೋದಿಲ್ಲ. ಕಡಿದರೆ ಮತ್ತೆ ಬಾಯಿ ಮುಚ್ಚಿಕೊಳ್ತದೆ.

ಖರ್ಚು ಅಂದರೆ ಒಂದು ಹಾಳೆ, ಒಂದು ಪೆನ್ಸಿಲ್. ಬಸ್ಸಿನಲ್ಲಿ ಹೋಗುವಾಗಲೂ ಆಡಬಹುದು, ದಾರಿಯ ಬೋರ್ಡುಗಳೇ ಪ್ರಶ್ನೆಪತ್ರಿಕೆ. ರಬಕವಿಯನ್ನು ಬೇಕಂತಲೇ ನಿಮಗೆ ಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಏಳು ಅಕ್ಷರ, ಅದರಲ್ಲಿ ಎ ಎರಡು. ನಾಯಿ ಬೊಗಳುವ ಪದ ಒಂದಿದೆ, ಪಕ್ಕೆಲುಬು ಒಂದಿದೆ, ಗಾಳಿ ಒಂದಿದೆ. ಕನ್ನಡದಲ್ಲಿ ನೋಡಿದರೆ ಒಬ್ಬ ಕವಿಯೂ ಕೂತಿದ್ದಾನೆ. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಳಿದದ್ದನ್ನು ಹುಡುಕಿರಿ.