ಆಟದ ಅಕ್ಷರಗಳು

ಮೊನ್ನೆ ರಜೆಗೆಂದು ಬೀದರಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗ, ಹಾಳೆಯ ತುಂಬ ವಿಚಿತ್ರ ಗೆರೆಗಳನ್ನು ಬರೆದು "ಅಜ್ಜಾ, ಇದನ್ನ ಓದ್ರಿ ನೋಡೋಣ" ಎಂದು ಸವಾಲೆಸೆದ. ಕನ್ನಡ, ಉರ್ದು, ಮರಾಠಿ ಮೂರನ್ನೂ ಓದಬಲ್ಲೆನೆಂಬ ನನ್ನ ಹೆಮ್ಮೆ ಅಲ್ಲಿಗೇ ಇಳಿಯಿತು. ಅದು 2015ರ 'ಬಾಹುಬಲಿ' ಚಿತ್ರದಲ್ಲಿ ಕಾಲಕೇಯರಾಡುವ ಕಿಲಿಕಿ ಭಾಷೆಯ ಲಿಪಿಯಂತೆ! ಮಗಳು "ಓದು ಬಿಟ್ಟು ಇದೇ ಹುಚ್ಚು" ಎಂದು ಗದರಿದಳು. ನಾನು ಮಾತ್ರ ಆ ಹಾಳೆಯನ್ನು ಮಡಚಿ ಜೋಪಾನವಾಗಿ ಇಟ್ಟುಕೊಂಡೆ. ಅದಕ್ಕೆ ಕಾರಣವಾದ ಒಂದು ಹಳೆಯ ತಪ್ಪು ನನ್ನಲ್ಲಿದೆ.

ಸುಮಾರು ಮೂವತ್ತೈದು ವರ್ಷಗಳ ಹಿಂದೆ ಔರಾದ ತಾಲೂಕಿನ ಒಂದು ಶಾಲೆಯಲ್ಲಿದ್ದೆ. ಎಂಟನೆಯ ತರಗತಿಯ ಲಂಬಾಣಿ ಹುಡುಗನೊಬ್ಬ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ತಾನೇ ಕಲ್ಪಿಸಿದ ಅಕ್ಷರಮಾಲೆಯೊಂದನ್ನು ಬರೆದಿದ್ದ. "ಏನಪ್ಪಾ ಇದು?" ಎಂದು ಕೇಳಿದೆ. "ನಮ್ಮ ತಾಂಡಾದ ಮಾತು ಬರೀಲಿಕ್ಕ ರೀ ಸರ್. ಅದಕ್ಕ ಅಕ್ಷರ ಇಲ್ಲಲ್ರೀ" ಎಂದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕು, ಆ ಪುಟಗಳನ್ನು ಹರಿದುಹಾಕಿಸಿದೆ. ಮುಂದೆ ಆತ ತರಗತಿಯಲ್ಲಿ ಬಾಯಿಬಿಟ್ಟು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಕಲ್ಪಿತ ಭಾಷೆ ವ್ಯರ್ಥ ಕಾಲಹರಣವೆಂದು ನಾನಾಗ ನಂಬಿದ್ದೆ. ಆದರೆ ಕಿಲಿಕಿಯ ಮೂಲವೇ ಮಕ್ಕಳ ಆಟ. ತಮಿಳು ಕವಿ ಮದನ್ ಕಾರ್ಕಿ ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾಗ, ತಾವು ನೋಡಿಕೊಳ್ಳುತ್ತಿದ್ದ ಮಕ್ಕಳಿಗಾಗಿ ಕಟ್ಟಿದ ಆಟದ ಮಾತೇ ಮುಂದೆ ಕಿಲಿಕಿಯಾಯಿತು. ಅದರಲ್ಲಿ 'ಮಿನ್' ಎಂದರೆ ನಾನು, ಅದನ್ನು ತಿರುಗಿಸಿ 'ನಿಮ್' ಎಂದರೆ ನೀನು. ಚಿತ್ರಕ್ಕಾಗಿ ಸುಮಾರು 750 ಪದಗಳೂ ವ್ಯಾಕರಣವೂ ಸಿದ್ಧವಾದವು. ಎಲ್ಫರಿಗಾಗಿ ಭಾಷೆ ಮತ್ತು ಲಿಪಿಗಳನ್ನು ಸೃಷ್ಟಿಸಿದ ಇಂಗ್ಲೆಂಡಿನ ಟೋಲ್ಕಿನ್ ಕೂಡ ಭಾಷಾಶಾಸ್ತ್ರದ ಪ್ರಾಧ್ಯಾಪಕರೇ.

ಆಟವೆನಿಸಿದ್ದು ಬದುಕೂ ಆಗಬಲ್ಲದು. ಒಡಿಶಾದ ಮಯೂರಭಂಜದವರೂ ಶಿಕ್ಷಕರೂ ಆಗಿದ್ದ ರಘುನಾಥ ಮುರ್ಮು, ತಮ್ಮ ಸಂತಾಲಿ ಮಾತಿಗೆ 1925ರಲ್ಲಿ 'ಓಲ್ ಚಿಕಿ' ಎಂಬ 30 ಅಕ್ಷರಗಳ ಲಿಪಿಯನ್ನು ರೂಪಿಸಿದರು. 2003ರಲ್ಲಿ ಸಂತಾಲಿಯು ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿತು. ಇಂದು ಆ ಲಿಪಿಯಲ್ಲಿ ಪಠ್ಯಪುಸ್ತಕಗಳಿವೆ. ಮುರ್ಮು ಅವರ ನೋಟ್‌ಬುಕ್ಕು ನನ್ನಂಥ ಮಾಸ್ತರನ ಕೈಗೆ ಸಿಕ್ಕಿದ್ದರೆ? ಯೋಚಿಸಿದರೆ ಮೈ ನಡುಗುತ್ತದೆ.

ಅಕ್ಷರದ ಬೆಲೆ ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಇಂದು ಹಾದಿಬೀದಿಯಲ್ಲಿ ಕಾಣುವ ಕನ್ನಡದ ಅಕ್ಷರಗಳೇ ಅಂದು ನಮ್ಮ ಮಕ್ಕಳಿಗೆ ಗುಟ್ಟಿನ ಲಿಪಿಯಾಗಿದ್ದವು. ಆ ಮಠದ ಋಣದಲ್ಲಿರುವ ಜಿಲ್ಲೆಯ ಕನ್ನಡ ಮೇಷ್ಟ್ರಾಗಿ, ಇನ್ನೊಂದು ತಾಯ್ನುಡಿಯ ಅಕ್ಷರವನ್ನು ನಾನು ಹರಿಸಿದೆನಲ್ಲ!

ಪ್ರತಿ ಮಾತಿಗೂ ಹೊಸ ಲಿಪಿ ಬೇಕೆಂದು ನಾನು ವಾದಿಸುತ್ತಿಲ್ಲ. ಲಂಬಾಣಿ ಮಾತನ್ನು ಇಲ್ಲಿ ಕನ್ನಡದಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ ಬರೆಯುತ್ತಾರೆ. ಆದರೆ ಆ ಹುಡುಗ ಕೇಳಿದ್ದು ಲಿಪಿಯನ್ನಲ್ಲ. ತನ್ನ ಅವ್ವನ ಮಾತು ಬರೆಯಲು ಯೋಗ್ಯವೇ ಎಂಬುದನ್ನು. "ಯೋಗ್ಯ, ಮೊದಲು ನಿನ್ನ ಅಜ್ಜಿಯ ಹಾಡೊಂದನ್ನು ಬರೆದು ತಾ, ಯಾವ ಅಕ್ಷರದಲ್ಲಾದರೂ ಸರಿ" ಎಂದಿದ್ದರೆ ಸಾಕಿತ್ತು.

ಈಗ ಪಾಠ ಹೇಳುತ್ತಿರುವ ಕಿರಿಯ ಮಿತ್ರರಲ್ಲಿ ಒಂದೇ ವಿನಂತಿ: ಮಕ್ಕಳ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಹರಿಯುವ ಮುನ್ನ ಒಮ್ಮೆ ಓದಿ. ಓದಲು ಬಾರದಿದ್ದರೆ, ಬರೆದವರನ್ನೇ ಕೇಳಿ. ನಾನೀಗ ಮೊಮ್ಮಗನಿಂದ ಕಿಲಿಕಿಯ ಅಕ್ಷರಗಳನ್ನು ಕಲಿಯುತ್ತಿದ್ದೇನೆ. ದಿನಕ್ಕೆ ಎರಡರಂತೆ, ತಪ್ಪಿದರೆ ಗುರುಗಳು ಗದರುತ್ತಾರೆ.