ಸಲಹೆ ಕೊಡೋ ಚಟ

ಎಂ.ಎಸ್.ಡಬ್ಲ್ಯು. ಸೇರಿದಾಗ ಕೌನ್ಸೆಲಿಂಗ್ ಪೇಪರ್ ನನಗೆ ಸಲೀಸು ಅಂದ್ಕೊಂಡಿದ್ದೆ. ಫ್ರೆಂಡ್ಸ್ ಪೈಕಿ ಯಾರಿಗೆ ಏನೇ ಆದ್ರೂ ಮೊದಲ ಫೋನ್ ನನಗೇ ಬರ್ತಿತ್ತಲ್ಲ!

ಮೊದಲ ರೋಲ್ ಪ್ಲೇನಲ್ಲೇ ಜಂಬ ಇಳೀತು. ಗೆಳತಿ ಕ್ಲೈಂಟ್, ನಾನು ಕೌನ್ಸೆಲರ್. "ಮನೇಲಿ ಯಾರೂ ನನ್ನ ಮಾತು ಕೇಳಲ್ಲ" ಅಂದಳು. "ಯಾಕೆ ಸುಮ್ನಿದ್ದೀರಿ? ಎಲ್ಲರನ್ನೂ ಕೂರಿಸಿ ಮಾತಾಡಿ" ಅಂದೆ. ಮೇಡಂ ಅಲ್ಲೇ ನಿಲ್ಲಿಸಿದರು. "ನೀನೂ ಕೇಳಲಿಲ್ಲವಲ್ಲಮ್ಮ" ಅಂದರು.

'ಯಾಕೆ' ಅನ್ನೋ ಪ್ರಶ್ನೆ ತಪ್ಪು ಹೊರಿಸಿದ ಹಾಗೆ ಕೇಳಿಸುತ್ತೆ. 'ಆಗ ನಿಮಗೆ ಏನನ್ನಿಸ್ತು?' ಅಂದ್ರೆ ಮಾತು ಮುಂದುವರಿಯುತ್ತೆ. ಅವರು ಹೇಳಿದ್ದರ ಹಿಂದಿನ ಭಾವನೆಯನ್ನ ನಮ್ಮ ಮಾತಲ್ಲಿ ವಾಪಸ್ ಹೇಳಬೇಕು. ಆಮೇಲೆ ಕಾಯಬೇಕು. ಮೌನಕ್ಕೆ ಹೆದರಬಾರದು.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರ ಲೇಖನವೊಂದರಲ್ಲಿ, ಮನುಷ್ಯ ಬದಲಾಗೋಕೆ ಏನೇನು ಬೇಕು ಅಂತ ಬರೆದಿದ್ದಾರೆ. ಅದರಲ್ಲಿ ಕೌನ್ಸೆಲರ್ ಕಡೆಯಿಂದ ಬೇಕಾದ್ದು ಮೂರು: ನಾಟಕವಿಲ್ಲದ ನಡೆ, ಷರತ್ತಿಲ್ಲದ ಗೌರವ, ಅವರ ಕಣ್ಣಿಂದಲೇ ನೋಡುವ ಪ್ರಯತ್ನ. ಸಲಹೆ ಆ ಪಟ್ಟಿಯಲ್ಲೇ ಇಲ್ಲ! ಪರೀಕ್ಷೆಗೆ ಬಾಯಿಪಾಠ ಮಾಡಿದೆ, ಒಳ್ಳೆ ಮಾರ್ಕ್ಸೂ ಬಂತು.

ಅರ್ಥ ಆಗಿದ್ದು ಮಾತ್ರ ಅಮ್ಮನ ಫೋನಿಂದ. ಅಪ್ಪ ಹೋದ ಮೇಲೆ ಊರಲ್ಲಿ ಅಮ್ಮ ಒಬ್ಬಳೇ. "ಯಾಕೋ ಊಟ ಸೇರ್ತಿಲ್ಲ ಕಣೇ" ಅಂತ ದಿನಾ ಹೇಳೋಳು. ನಾನೋ, ವಾಕಿಂಗ್ ಹೋಗು, ಡಾಕ್ಟರಿಗೆ ತೋರಿಸು, ಚಿಕ್ಕಮ್ಮನ ಮನೆಗೆ ಹೋಗಿ ಬಾ ಅಂತ ಪಟ್ಟಿ ಒಪ್ಪಿಸಿ ಫೋನ್ ಇಡ್ತಿದ್ದೆ. ಅವತ್ತು ಮಾತ್ರ, "ಒಬ್ಬಳೇ ಊಟಕ್ಕೆ ಕೂರೋದು ಕಷ್ಟ ಆಗ್ತಿದೆ, ಅಲ್ವಾಮ್ಮ?" ಅಂದು ಸುಮ್ಮನಾದೆ.

ಆ ಕಡೆಯಿಂದ ಎಷ್ಟೋ ಹೊತ್ತು ಸದ್ದೇ ಇಲ್ಲ. ಆಮೇಲೆ, "ಈಗ್ಲೂ ಎರಡು ತಟ್ಟೆ ಹಾಕ್ಬಿಡ್ತೀನಿ ಕಣೇ. ಆಮೇಲೆ ಒಂದನ್ನ ಎತ್ತಿಡ್ತೀನಿ" ಅಂದಳು. ಎಂಟು ತಿಂಗಳಲ್ಲಿ ಅಮ್ಮ ಮೊದಲ ಸಲ ನನ್ನ ಹತ್ತಿರ ಅತ್ತಳು. ನಾನೂ ಅತ್ತೆ.

ನಮ್ಮವರಿಗೆ ನಾವೇ ಕೌನ್ಸೆಲರ್ ಆಗಬಾರದು ಅಂತಲೂ ಕ್ಲಾಸಲ್ಲಿ ಕಲಿಸಿದ್ದಾರೆ. ನಿಜ. ಭಾರ ಹೆಚ್ಚಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು ಅಂತ ಅಮ್ಮನ ಫೋನಲ್ಲಿ ನಂಬರ್ ಸೇವ್ ಮಾಡಿಸಿದ್ದೇನೆ. ಆದರೆ ಮಗಳಾಗಿ ಕೇಳಿಸಿಕೊಳ್ಳೋಕೆ ಯಾವ ಡಿಗ್ರಿಯೂ ಬೇಕಿಲ್ಲ ಅಲ್ವಾ?

ಇವತ್ತು ರಾತ್ರಿ ಮನೆಗೆ ಫೋನ್ ಮಾಡ್ತೀರಲ್ಲ, ಒಂದು ಸಲಹೆ ಕಮ್ಮಿ ಕೊಟ್ಟು ನೋಡಿ.